ವಿಳಾಸದ ಋಣ

2012ರ ಏಪ್ರಿಲ್‌ನ ಒಂದು ಸಂಜೆ ಕೆಲಸ ಮುಗಿಸಿ ಹೊರಡುವಾಗ, ನಮ್ಮ ಕಚೇರಿಯ ಮುಂಬಾಗಿಲ ಮೇಜಿನಲ್ಲಿ ಕೂರುತ್ತಿದ್ದವರು ನನ್ನನ್ನು ಹತ್ತಿರ ಕರೆದರು. ಐವತ್ತೈದರ ಆಸುಪಾಸಿನ ಕಪ್ಪು ಮಹಿಳೆ, ಡೆಟ್ರಾಯಿಟ್‌ನಲ್ಲೇ ಹುಟ್ಟಿ ಬೆಳೆದವರು. ಕಾರಿನ ಬಿಡಿಭಾಗ ತಯಾರಿಸುವ ಆ ಕಂಪನಿಗೆ ನಾನು ಸೇರಿದ ಮೊದಲ ಚಳಿಗಾಲದಲ್ಲಿ, ಗಾಜಿನ ಮೇಲೆ ಕಟ್ಟಿದ ಮಂಜನ್ನು ಹೇಗೆ ಕೆರೆಯಬೇಕೆಂದು ಪಾರ್ಕಿಂಗ್ ಲಾಟಿನವರೆಗೂ ಬಂದು ತೋರಿಸಿಕೊಟ್ಟಿದ್ದರು. ಇಂಗ್ಲಿಷಿನಲ್ಲಿ ನೀನು, ನೀವು ಎಂಬ ಭೇದವಿಲ್ಲ. ಆದರೆ ನನ್ನೊಳಗಿನ ಕನ್ನಡದಲ್ಲಿ ಅವರು ಯಾವಾಗಲೂ ‘ನೀವು’, ಅವರಿಗೆ ನಾನು ‘ನೀನು’.

"ಒಂದು ಸಹಾಯ ಕೇಳ್ತೀನಿ. ಆಗಲ್ಲ ಅಂದರೂ ಬೇಜಾರಿಲ್ಲ" ಎಂದು ಒಂದು ಹಾಳೆ ಮುಂದಿಟ್ಟರು. ಅದರ ಮೇಲೆ ನಾವಿದ್ದ ಉಪನಗರದ ಸ್ಕೂಲ್ ಡಿಸ್ಟ್ರಿಕ್ಟಿನ ಹೆಸರಿತ್ತು. ‘ಈ ಮಗು ಮತ್ತು ಅದರ ಪೋಷಕರು ನನ್ನ ಮನೆಯಲ್ಲಿ ನನ್ನೊಂದಿಗೆ ವಾಸವಾಗಿದ್ದಾರೆ’ ಎಂದು ಮನೆಯ ಮಾಲೀಕರು ನೋಟರಿಯ ಮುಂದೆ ಪ್ರಮಾಣ ಮಾಡಿ ಸಹಿ ಹಾಕುವ ಅಫಿಡವಿಟ್ ಅದು. ಅವರ ಮೊಮ್ಮಗನಿಗೆ ಎಂಟು ವರ್ಷ. ಅವನು ಓದುತ್ತಿದ್ದ ಡೆಟ್ರಾಯಿಟ್‌ನ ಶಾಲೆ ಜೂನ್‌ನಲ್ಲಿ ಮುಚ್ಚುವುದಿತ್ತು. ಅದಕ್ಕೂ ಹಿಂದಿನ ಶಾಲೆ ಎರಡು ವರ್ಷದ ಕೆಳಗೆ ಮುಚ್ಚಿತ್ತು. ಹುಡುಗ ಲೆಕ್ಕದಲ್ಲಿ ಚುರುಕು, ಓದುವುದರಲ್ಲಿ ಹಿಂದೆ. "ನಾನೇ ದಿನಾ ಬೆಳಿಗ್ಗೆ ಕೆಲಸಕ್ಕೆ ಬರುವಾಗ ಕರ್ಕೊಂಡು ಬಂದು ಬಿಡ್ತೀನಿ. ನಿನಗೆ ಏನೂ ತೊಂದರೆ ಇರಲ್ಲ. ನಿನ್ನ ವಿಳಾಸ ಮಾತ್ರ ಬೇಕು."

ನಾನು ಆಗುವುದಿಲ್ಲ ಎಂದೆ. ಆಗಿನ್ನೂ ನಮಗೆ ಗ್ರೀನ್ ಕಾರ್ಡ್ ಬಂದಿರಲಿಲ್ಲ. ಎಚ್-1ಬಿ ಮೇಲಿರುವವಳು ಸುಳ್ಳು ಪ್ರಮಾಣ ಮಾಡಿ ಸಿಕ್ಕಿಬಿದ್ದರೆ ಏನಾಗಬಹುದೆಂದು ವಿವರಿಸಿದೆ. ಹಿಂದಿನ ವರ್ಷವಷ್ಟೇ ಪಕ್ಕದ ಒಹಾಯೋ ರಾಜ್ಯದ ಆಕ್ರನ್‌ನಲ್ಲಿ ಒಬ್ಬ ತಾಯಿ, ತನ್ನ ಇಬ್ಬರು ಹೆಣ್ಣುಮಕ್ಕಳನ್ನು ತಂದೆಯ ಮನೆಯ ವಿಳಾಸ ಕೊಟ್ಟು ಬೇರೆ ಡಿಸ್ಟ್ರಿಕ್ಟಿನ ಶಾಲೆಗೆ ಸೇರಿಸಿದ್ದಕ್ಕಾಗಿ ಒಂಬತ್ತು ದಿನ ಜೈಲಿನಲ್ಲಿದ್ದಳು. ಅದು ದೇಶದಾದ್ಯಂತ ಸುದ್ದಿಯಾಗಿ, ಕೊನೆಗೆ ಗವರ್ನರ್ ಮಧ್ಯೆ ಪ್ರವೇಶಿಸಿ ಅಪರಾಧದ ತೂಕವನ್ನು ಇಳಿಸಬೇಕಾಯಿತು. ಅದನ್ನೂ ಹೇಳಿದೆ. ಅವರು ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು, "ಸರಿ ಬಿಡು ಹನಿ, ಕೇಳಿ ನೋಡೋಣ ಅನ್ನಿಸಿತು" ಎಂದರು. ಮಾರನೆಯ ದಿನ ಎಂದಿನಂತೆಯೇ ಗುಡ್ ಮಾರ್ನಿಂಗ್ ಹೇಳಿದರು.

ನಾನು ಹೇಳಿದ ಕಾರಣದಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆದರೆ ನಾನು ಇಲ್ಲ ಎಂದದ್ದು ಆ ಕಾರಣಕ್ಕಾಗಿ ಅಲ್ಲ ಎಂಬುದು ಕಾರು ಹತ್ತುವಷ್ಟರಲ್ಲೇ ನನಗೆ ಗೊತ್ತಿತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ಊರಿನಲ್ಲಿರುವ ಓದುಗರಿಗಾಗಿ ಒಂದಿಷ್ಟು ಹಿನ್ನೆಲೆ ಹೇಳಬೇಕು. ಅಮೆರಿಕದ ಕನ್ನಡಿಗರಲ್ಲಿ ಒಂದು ಹೆಮ್ಮೆಯ ಮಾತಿದೆ: "ನಮ್ಮ ಮಕ್ಕಳು ಓದೋದು ಸರ್ಕಾರಿ ಶಾಲೆಯಲ್ಲೇ." ಕನ್ನಡ ಕೂಟದ ಪಿಕ್ನಿಕ್ಕಿನಲ್ಲಿ ಬಿಸಿಬೇಳೆಬಾತಿನ ತಟ್ಟೆ ಹಿಡಿದು ನಾನೂ ಇದನ್ನು ಹೇಳಿದ್ದೇನೆ. ಬೆಂಗಳೂರಿನಲ್ಲಿರುವ ತಂಗಿ ಮಗಳ ಎಲ್‌ಕೆಜಿ ಸೀಟಿಗೆ ಪಟ್ಟ ಪಾಡನ್ನು ಫೋನಿನಲ್ಲಿ ಹೇಳಿಕೊಂಡಾಗಲೂ ಇದನ್ನೇ ಹೇಳಿ ಬೀಗಿದ್ದೆ. ಅವಳು ಒಂದು ಕ್ಷಣ ಸುಮ್ಮನಿದ್ದು ಕೇಳಿದಳು: "ಅಲ್ಲ ಕಣೇ ಅಕ್ಕ, ಆ ಊರಲ್ಲಿ ಮನೆ ತಗೊಳ್ಳೋಕೆ ಬೇರೆ ಕಡೆಗಿಂತ ಎಷ್ಟು ಜಾಸ್ತಿ ಕೊಟ್ರಿ?" ನಾನು ಹೇಳಿದೆ. "ಹಾಗಾದ್ರೆ ನೀವೂ ಫೀಸು ಕಟ್ಟಿದ್ದೀರಿ. ನಾವು ಸ್ಕೂಲಿಗೆ ಕಟ್ತೀವಿ, ನೀವು ಬ್ಯಾಂಕಿಗೆ ಕಟ್ತೀರಿ, ಅಷ್ಟೇ."

ತಂಗಿ ಓದಿದ್ದು ಬಿ.ಕಾಂ. ಆದರೆ ಅಮೆರಿಕದ ಸಾರ್ವಜನಿಕ ಶಿಕ್ಷಣದ ಬಗ್ಗೆ ನಾನು ಓದಿದ ಯಾವ ಪುಸ್ತಕವೂ ಇಷ್ಟು ಚುಟುಕಾಗಿ ವಿಷಯ ಹೇಳಿಲ್ಲ. ಇಲ್ಲಿ ಶಾಲೆಗೆ ಶುಲ್ಕವಿಲ್ಲ, ಪ್ರವೇಶ ಪರೀಕ್ಷೆಯಿಲ್ಲ, ಡೊನೇಶನ್ ಇಲ್ಲ. ಮನೆ ಮಾತ್ರ ಗೆರೆಯ ಈಚೆಗಿರಬೇಕು. 2007ರಲ್ಲಿ ನಾವು ಮನೆ ಹುಡುಕುವಾಗ ಏಜೆಂಟ್ ಮೊದಲು ತೋರಿಸಿದ್ದು ಅಡುಗೆಮನೆಯನ್ನಲ್ಲ, ಶಾಲೆಗಳಿಗೆ ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟ ಪಟ್ಟಿಯನ್ನು. ರಸ್ತೆಯ ಆ ಬದಿಯಲ್ಲಿ ಇದಕ್ಕಿಂತ ದೊಡ್ಡ ಮನೆ ಇದಕ್ಕಿಂತ ಕಡಿಮೆ ಬೆಲೆಗಿತ್ತು. "ಅದು ಬೇರೆ ಡಿಸ್ಟ್ರಿಕ್ಟ್" ಎಂದ ಏಜೆಂಟ್. ಮತ್ತೇನೂ ಹೇಳುವ ಅಗತ್ಯ ಬೀಳಲಿಲ್ಲ. (ಮಾರನೆಯ ವರ್ಷ ಮನೆಗಳ ಬೆಲೆ ಪಾತಾಳಕ್ಕಿಳಿದು ನಮ್ಮ ಜಾಣತನಕ್ಕೆ ತಕ್ಕ ಶಾಸ್ತಿಯಾದದ್ದು ಬೇರೆ ಕಥೆ.)

ಡೆಟ್ರಾಯಿಟ್‌ನಲ್ಲಿ ಅಂಥ ಎಲ್ಲ ಗೆರೆಗಳ ತಾಯಿ ಏಯ್ಟ್ ಮೈಲ್ ರೋಡ್. ನಗರದ ನಡುಮಧ್ಯದಿಂದ ಎಂಟು ಮೈಲಿಗೆ ಈ ರಸ್ತೆ. ಅದರ ದಕ್ಷಿಣಕ್ಕೆ ಡೆಟ್ರಾಯಿಟ್, ಉತ್ತರಕ್ಕೆ ಉಪನಗರಗಳು. ನಾವು ಭಾರತೀಯರೆಲ್ಲ ಹೆಚ್ಚುಕಡಿಮೆ ಅದರ ಉತ್ತರಕ್ಕೋ ಪಶ್ಚಿಮದ ಊರುಗಳಲ್ಲೋ ಇರುವವರು. 1950ರಲ್ಲಿ ಹದಿನೆಂಟೂವರೆ ಲಕ್ಷ ಜನರಿದ್ದ ನಗರದಲ್ಲಿ 2020ರ ಜನಗಣತಿಯ ಹೊತ್ತಿಗೆ ಉಳಿದದ್ದು 6 ಲಕ್ಷ 39 ಸಾವಿರ. 1960ರ ದಶಕದಲ್ಲಿ ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಸುಮಾರು 3 ಲಕ್ಷ ಮಕ್ಕಳಿದ್ದರು. ಈಗ 50,000ದ ಆಸುಪಾಸು. ಇನ್ನು ಹೆಚ್ಚುಕಡಿಮೆ ಅಷ್ಟೇ ಮಕ್ಕಳು ಚಾರ್ಟರ್ ಶಾಲೆಗಳಲ್ಲಿದ್ದಾರೆ. ಅವು ಸರ್ಕಾರದ ಹಣದಿಂದ ನಡೆಯುವ, ಆದರೆ ಬೇರೆಯವರು ನಡೆಸುವ ಶಾಲೆಗಳು. 2000ದಿಂದೀಚೆಗೆ ನಗರದಲ್ಲಿ ನೂರಕ್ಕೂ ಹೆಚ್ಚು ಶಾಲೆಗಳು ಮುಚ್ಚಿವೆ. ನಮ್ಮ ಕಡೆ ಕೆರೆ ಬತ್ತಿದಾಗ ಮೀನು ಹಿಡಿಯುವವರು ಮೊದಲು ಬಂದು, ಆಮೇಲೆ ಮಣ್ಣು ಹೊಡೆಯುವವರು, ಕೊನೆಗೆ ಸೈಟು ಮಾಡುವವರು ಬರುತ್ತಾರಲ್ಲ, ಹಾಗೆ ಒಬ್ಬರಾದ ಮೇಲೊಬ್ಬರು ಈ ಶಾಲೆಗಳನ್ನು ಸರಿಪಡಿಸಲು ಬಂದರು. 1999ರಲ್ಲಿ ರಾಜ್ಯ ಸರ್ಕಾರ ಚುನಾಯಿತ ಮಂಡಳಿಯನ್ನು ಬದಿಗೊತ್ತಿತು. 2009ರಿಂದ ತುರ್ತು ಹಣಕಾಸು ವ್ಯವಸ್ಥಾಪಕರ ಸಾಲು ಶುರುವಾಯಿತು. ಸಾಲ ಬೆಳೆಯುತ್ತಲೇ ಹೋಯಿತು. 2016ರ ಜನವರಿಯಲ್ಲಿ ಶಿಕ್ಷಕರು ಬೂಷ್ಟು ಹಿಡಿದ ಗೋಡೆ, ಇಲಿ, ಸೋರುವ ಸೂರುಗಳನ್ನು ತೋರಿಸಿ ಒಟ್ಟಾಗಿ ಕಾಯಿಲೆಯ ರಜೆ ಹಾಕಿದಾಗ ಒಂದೇ ದಿನ 80ಕ್ಕೂ ಹೆಚ್ಚು ಶಾಲೆಗಳು ಬಾಗಿಲು ತೆರೆಯಲಿಲ್ಲ.

ಈ ಗೆರೆಯನ್ನು ಅಳಿಸುವ ಒಂದು ಪ್ರಯತ್ನ ನಡೆದಿತ್ತು. 1970ರಲ್ಲಿ ಹೂಡಿದ ಮೊಕದ್ದಮೆಯೊಂದರಲ್ಲಿ ಫೆಡರಲ್ ನ್ಯಾಯಾಧೀಶ ಸ್ಟೀಫನ್ ರಾತ್, ಡೆಟ್ರಾಯಿಟ್‌ನ ಶಾಲೆಗಳಲ್ಲಿ ಕಪ್ಪು ಮಕ್ಕಳು ಬೇರೆಯಾಗಿ ಉಳಿದದ್ದು ತಾನಾಗಿ ಆದದ್ದಲ್ಲ, ಸರ್ಕಾರದ ಕ್ರಮಗಳಿಂದಲೇ ಆದದ್ದು ಎಂದು ತೀರ್ಪಿತ್ತರು. ಬಿಳಿಯರು ಆಗಲೇ ಊರು ಬಿಡುತ್ತಿದ್ದರು. ನಗರದೊಳಗಷ್ಟೇ ಮಕ್ಕಳನ್ನು ಬೆರೆಸಹೊರಟರೆ ಬೆರೆಸಲು ಯಾರೂ ಉಳಿಯುವುದಿಲ್ಲ. ಹಾಗಾಗಿ ಸುತ್ತಲಿನ 53 ಉಪನಗರಗಳ ಡಿಸ್ಟ್ರಿಕ್ಟುಗಳನ್ನೂ ಸೇರಿಸಿ ಒಂದೇ ಯೋಜನೆ ಮಾಡಬೇಕೆಂದರು. ಜನ ಹೇಗೆ ಕುದಿಯುತ್ತಿದ್ದರೆಂದರೆ, 1971ರ ಆಗಸ್ಟ್‌ನಲ್ಲಿ, ಇಂಥದೇ ಆದೇಶವಾಗಿದ್ದ ಹತ್ತಿರದ ಪಾಂಟಿಯಾಕ್‌ನಲ್ಲಿ ಕು ಕ್ಲಕ್ಸ್ ಕ್ಲಾನಿನವರು ಹತ್ತು ಖಾಲಿ ಶಾಲಾ ಬಸ್ಸುಗಳನ್ನು ಡೈನಮೈಟ್ ಇಟ್ಟು ಸಿಡಿಸಿದ್ದರು. ಡೆಟ್ರಾಯಿಟ್‌ನ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. 1974ರ ಜುಲೈ 25ರಂದು, ಐದಕ್ಕೆ ನಾಲ್ಕರ ಬಹುಮತದಿಂದ, ಆ ಯೋಜನೆ ಬಿದ್ದುಹೋಯಿತು. ಮಿಲಿಕನ್ ವಿರುದ್ಧ ಬ್ರಾಡ್ಲಿ ಎಂದು ಪ್ರಸಿದ್ಧವಾದ ತೀರ್ಪು. ಅದರ ತರ್ಕ ಸರಳ: ತಪ್ಪು ಡೆಟ್ರಾಯಿಟ್‌ನಲ್ಲಿ ಆಗಿದೆ ಎಂದು ಸಾಬೀತಾಗಿದೆ, ಉಪನಗರಗಳು ತಪ್ಪು ಮಾಡಿವೆ ಎಂದು ಸಾಬೀತಾಗಿಲ್ಲ, ಆದ್ದರಿಂದ ಪರಿಹಾರದ ಹೊರೆಯನ್ನು ಅವುಗಳ ಮೇಲೆ ಹೊರಿಸುವಂತಿಲ್ಲ. ಇಪ್ಪತ್ತು ವರ್ಷದ ಹಿಂದೆ ಬ್ರೌನ್ ಮೊಕದ್ದಮೆಯನ್ನು ವಕೀಲರಾಗಿ ಗೆದ್ದಿದ್ದ ಥರ್ಗುಡ್ ಮಾರ್ಷಲ್ ಈಗ ಅದೇ ಕೋರ್ಟಿನ ನ್ಯಾಯಮೂರ್ತಿ. ಒಂದೇ ಮಹಾನಗರವನ್ನು ಹೀಗೆ ಎರಡು ಊರಾಗಿ ಒಡೆಯಲು ಬಿಡುವುದು ಇವತ್ತಿಗೆ ಸುಲಭವೆನಿಸಿದರೂ ಮುಂದೆ ಜನ ಪಶ್ಚಾತ್ತಾಪ ಪಡುತ್ತಾರೆಂದು ಅವರು ಭಿನ್ನಮತ ಬರೆದರು.

ಆ ತೀರ್ಪಿನ ತರ್ಕವನ್ನು ನಾನು ಬೇರೆ ದನಿಯಲ್ಲಿ ನಮ್ಮವರ ಮನೆಗಳಲ್ಲೇ ಎಷ್ಟೋ ಸಲ ಕೇಳಿದ್ದೇನೆ. "ನಾವು ಬಂದದ್ದು ಮೊನ್ನೆ. ಎರಡು ಸೂಟ್‌ಕೇಸ್ ಹಿಡ್ಕೊಂಡು ಬಂದ್ವಿ. ಗುಲಾಮರನ್ನು ಇಟ್ಟುಕೊಂಡವರು ನಾವಲ್ಲ, ಬಸ್ಸು ಸುಟ್ಟವರು ನಾವಲ್ಲ. ನಮ್ಮದೇನು ತಪ್ಪು?" ತಪ್ಪೇನೂ ಇಲ್ಲ, ನಿಜ. ಆದರೆ ಪ್ರಶ್ನೆ ಅದೇ ಹೌದೇ ಎಂದು ನನಗೆ ಸಂಶಯ ಬರಲು ಶುರುವಾದದ್ದು ಊರಿನ ಒಂದು ಪದದಿಂದ.

ನಮ್ಮ ಕಡೆ ಸೈಟು, ತೋಟ ಏನೇ ಕೊಳ್ಳುವಾಗಲೂ ಇ.ಸಿ. ತೆಗೆಸುತ್ತೇವೆ, ಋಣಭಾರ ಪತ್ರ. ಹಿಂದಿನವನು ಅಡವಿಟ್ಟಿದ್ದರೆ, ಆ ಸಾಲ ತೀರಿಲ್ಲದಿದ್ದರೆ, ಅದು ಮನುಷ್ಯನ ಹಿಂದೆ ಹೋಗುವುದಿಲ್ಲ, ನೆಲದ ಜೊತೆಗೇ ಬರುತ್ತದೆ. ಕೊಂಡವನು "ಸಾಲ ಮಾಡಿದ್ದು ನಾನಲ್ಲ" ಎಂದರೆ ಯಾವ ಬ್ಯಾಂಕೂ ಕೇಳುವುದಿಲ್ಲ. ಅವನನ್ನು ಯಾರೂ ಕಳ್ಳ ಎನ್ನುವುದಿಲ್ಲ, ಆದರೆ ಸಾಲ ಅವನದೇ. ತಪ್ಪು ಬೇರೆ, ಹೊಣೆ ಬೇರೆ ಎಂಬ ಈ ತಿಳಿವಳಿಕೆ ಅರಸೀಕೆರೆಯ ಸಬ್‌ರಿಜಿಸ್ಟ್ರಾರ್ ಕಚೇರಿಯ ಮುಂದೆ ಕೂತ ಪತ್ರಬರಹಗಾರನಿಗೂ ಇದೆ. ಒಳ್ಳೆಯ ಶಾಲೆಯ ಕಾರಣಕ್ಕೆ ಹೆಚ್ಚು ಬೆಲೆ ಬಾಳುವ ಮನೆಯನ್ನು ನಾವು ಕೊಂಡೆವು. ಆ ಬೆಲೆ ಬಂದದ್ದು ಶಾಲೆಯ ಒಳ್ಳೆಯತನದಿಂದಷ್ಟೇ ಅಲ್ಲ, ಅದು ಎಲ್ಲರಿಗೂ ಸಿಗುವುದಿಲ್ಲ ಎಂಬುದರಿಂದಲೂ. ಅಂದ ಮೇಲೆ ಇ.ಸಿ.ಯಲ್ಲಿ ಏನಿದೆ ಎಂದು ನೋಡಬೇಡವೇ?

ನೋಡಲು ಸಿಗುವಂತೆಯೇ ಒಂದು ಕಡೆ ಅದನ್ನು ಕಾಂಕ್ರೀಟಿನಲ್ಲಿ ಬರೆದಿಟ್ಟಿದ್ದಾರೆ. ಏಯ್ಟ್ ಮೈಲ್‌ಗೆ ಸ್ವಲ್ಪ ದಕ್ಷಿಣಕ್ಕೆ, ಬರ್ವುಡ್ ಬೀದಿಯ ಮನೆಗಳ ಹಿತ್ತಲಲ್ಲಿ, ಅರ್ಧ ಮೈಲಿ ಉದ್ದದ, ಆರಡಿ ಎತ್ತರದ ಗೋಡೆಯೊಂದಿದೆ. 1941ರಲ್ಲಿ ಬಿಳಿಯರಿಗಾಗಿ ಬಡಾವಣೆ ಮಾಡಲು ಹೊರಟ ಒಬ್ಬ ಬಿಲ್ಡರ್, ಪಕ್ಕದಲ್ಲಿ ಕಪ್ಪು ಜನರ ಮನೆಗಳಿವೆಯೆಂಬ ಕಾರಣಕ್ಕೆ ಫೆಡರಲ್ ಸಂಸ್ಥೆ ಸಾಲಕ್ಕೆ ಖಾತರಿ ಕೊಡಲು ಒಪ್ಪದಿದ್ದಾಗ, ನಡುವೆ ಗೋಡೆ ಕಟ್ಟಿ ಒಪ್ಪಿಗೆ ಪಡೆದ. ಈಗ ಗೋಡೆಯ ಎರಡೂ ಬದಿಗೆ ಕಪ್ಪು ಜನರೇ ಇದ್ದಾರೆ. ಪಾರ್ಕಿನ ಬದಿಯ ಭಾಗಕ್ಕೆ ಮಕ್ಕಳು, ಗುಳ್ಳೆಗಳು, ಬಸ್ಸು ಹತ್ತುವ ಜನ ಎಂದೆಲ್ಲ ಬಣ್ಣದ ಚಿತ್ರ ಬರೆದಿದ್ದಾರೆ. ಮಗ ಹೈಸ್ಕೂಲಿನಲ್ಲಿದ್ದಾಗ ಯಾವುದೋ ಪ್ರಾಜೆಕ್ಟಿಗೆಂದು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಆಗಲೇ ನನಗಿಂತ ಒಂದು ಗೇಣು ಎತ್ತರ ಬೆಳೆದಿದ್ದವನು ಹತ್ತಿರ ಹೋಗಿ ಗೋಡೆಯ ಮೇಲೆ ಕೈಯಿಟ್ಟು, "ಇಷ್ಟೇನಾ?" ಎಂದ. ಅವನಿಗೆ ನಿರಾಸೆಯಾಗಿತ್ತು, ಫೋಟೋದಲ್ಲಿ ಇನ್ನೂ ದೊಡ್ಡದಾಗಿ ಕಂಡಿತ್ತಂತೆ.

ಈಗ ನನ್ನ ಸೋದರತ್ತೆಯ ವಿಷಯ. ನಮ್ಮ ಹಳ್ಳಿಯಲ್ಲಿ ಇದ್ದದ್ದು ಏಳನೇ ತರಗತಿಯವರೆಗಿನ ಶಾಲೆ. ಹೈಸ್ಕೂಲಿಗೆ ಆರು ಮೈಲಿ, ಬಸ್ಸು ಬಂದರೆ ಬಂತು. 1984ರಲ್ಲಿ ಅಪ್ಪ ನನ್ನನ್ನು ಮೈಸೂರಿನ ಅತ್ತೆಯ ಮನೆಯಲ್ಲಿ ಬಿಟ್ಟು ಬಂದರು. ಒಂದು ವಠಾರದ ಎರಡು ಕೋಣೆಯ ಮನೆ. ಅತ್ತೆ, ಮಾವ, ನಾಲ್ಕು ಮಕ್ಕಳು, ಮಾವನ ತಾಯಿ. ಎಂಟನೆಯವಳು ನಾನು. ಮೆಟ್ಟಿಲ ಕೆಳಗಿನ ಸಂದಿನಲ್ಲಿ ಚಾಪೆ ಹಾಸಿಕೊಂಡು ಮೂರು ವರ್ಷ ಮಲಗಿದೆ. ಶಾಲೆಯ ಅರ್ಜಿಯಲ್ಲಿ ‘ಪೋಷಕರ ಸಹಿ’ ಎಂದಿದ್ದ ಕಡೆ ಅತ್ತೆ ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅವರು ಓದಿದ್ದು ನಾಲ್ಕನೇ ಕ್ಲಾಸು. ನಮ್ಮ ತಾತನೂ ಮೈಸೂರಿನಲ್ಲೇ ವಾರಾನ್ನ ಮಾಡಿಕೊಂಡು ಓದಿದವರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಇಂಥ ಕಥೆ ನಮ್ಮಲ್ಲಿ ಬಹಳ ಜನರ ಮನೆಗಳಲ್ಲಿದೆ, ಅದನ್ನು ಹೇಳುವಾಗ ಕಣ್ಣು ತುಂಬಿಕೊಳ್ಳುವುದೂ ಉಂಟು.

ಆದರೆ ಆ ಕಥೆಯಲ್ಲಿ ಹೇಳದೆ ಬಿಡುವ ಭಾಗವೊಂದಿದೆ. ಏಳನೇ ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ಲೆಕ್ಕದಲ್ಲಿ ನನಗಿಂತ ಮುಂದಿದ್ದಳು. ಬಡ್ಡಿ ಲೆಕ್ಕವನ್ನು ಸ್ಲೇಟು ಮುಟ್ಟದೆ ಹೇಳುತ್ತಿದ್ದಳು. ಅವಳ ಅಪ್ಪ ತೆಂಗಿನಕಾಯಿ ಕೀಳುವವರು. ಅವಳ ಓದು ಅಲ್ಲಿಗೇ ನಿಂತಿತು. ಅವಳಿಗೆ ಮೈಸೂರಿನಲ್ಲಿ ಅತ್ತೆ ಇರಲಿಲ್ಲ. ತಾತನಿಗೆ ಅನ್ನವಿಟ್ಟ ಏಳು ಮನೆಗಳ ಬಾಗಿಲೂ ಅವಳ ತಾತ ತಟ್ಟಿದ್ದರೆ ತೆರೆಯುತ್ತಿರಲಿಲ್ಲ. 1915ರಲ್ಲಿ ಮೈಸೂರು ಸಂಸ್ಥಾನ, ಸರ್ಕಾರಿ ಶಾಲೆಗಳಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳನ್ನೂ ಸೇರಿಸಿಕೊಳ್ಳಬೇಕೆಂದು ಆದೇಶಿಸಿದಾಗ ಹಲವೆಡೆ ಮೇಲ್ಜಾತಿಯವರು ಪ್ರತಿಭಟಿಸಿ ಮಕ್ಕಳನ್ನು ಬಿಡಿಸಿಕೊಂಡರು. ಅಲ್ಲಿ ಡೈನಮೈಟ್ ಬೇಕಾಗಲಿಲ್ಲ, ಅಷ್ಟೇ ವ್ಯತ್ಯಾಸ. ನಾನು ಓದಿದ್ದು ನನ್ನ ಬುದ್ಧಿಯಿಂದ ಎಂದು ಬಹುಕಾಲ ನಂಬಿದ್ದೆ. ಬುದ್ಧಿ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದಕ್ಕೆ ಮೊದಲು ಒಂದು ವಿಳಾಸವಿತ್ತು.

ಈಗ ಆ ಏಪ್ರಿಲ್ ಸಂಜೆಯ ನಿಜವಾದ ಕಾರಣ ಹೇಳುತ್ತೇನೆ. ಅದಕ್ಕೆ ಒಂದು ತಿಂಗಳ ಹಿಂದೆ ನಮ್ಮ ಊರಿನ ಶಾಲಾ ಮಂಡಳಿಯ ಸಭೆ ನಡೆದಿತ್ತು. ಮಿಷಿಗನ್‌ನಲ್ಲಿ 1996ರಿಂದ ‘ಸ್ಕೂಲ್ಸ್ ಆಫ್ ಚಾಯ್ಸ್’ ಎಂಬ ವ್ಯವಸ್ಥೆಯಿದೆ. ಒಂದು ಡಿಸ್ಟ್ರಿಕ್ಟ್ ಇಷ್ಟಪಟ್ಟರೆ ಹೊರಗಿನ ಮಕ್ಕಳಿಗೂ ಇಷ್ಟು ಸೀಟು ಎಂದು ತೆರೆಯಬಹುದು. ಇಷ್ಟವಿಲ್ಲದಿದ್ದರೆ ಇಲ್ಲ. ನಮ್ಮಲ್ಲಿ ಕೆಳಗಿನ ತರಗತಿಗಳಲ್ಲಿ ಒಂದಿಷ್ಟು ಸೀಟು ತೆರೆಯುವ ಪ್ರಸ್ತಾಪ ಬಂದಿತ್ತು. ಸಭಾಂಗಣ ಕಿಕ್ಕಿರಿದಿತ್ತು, ನಮ್ಮವರೂ ಬೇಕಾದಷ್ಟು ಜನರಿದ್ದರು. ಯಾರೂ ಬಣ್ಣದ ಮಾತಾಡಲಿಲ್ಲ. ತರಗತಿಯ ಗಾತ್ರ, ಬಸ್ಸಿನ ವ್ಯವಸ್ಥೆ, ಟೆಸ್ಟ್ ಸ್ಕೋರು, ಮನೆಯ ಬೆಲೆ ಎಂದೆಲ್ಲ ಮಾತಾಡಿದರು. ವಿರೋಧದ ಮನವಿಯೊಂದು ಕೈಯಿಂದ ಕೈಗೆ ಬಂತು. ನಾನು ಸಹಿ ಹಾಕಿದೆ. ಆ ಸಹಿ ಹಾಕುವಾಗ ಒಂದು ಕ್ಷಣವೂ ಯೋಚಿಸಲಿಲ್ಲ, ಪೆನ್ನು ಕೂಡ ಪಕ್ಕದವರದು. ಪ್ರಸ್ತಾಪ ಬಿದ್ದುಹೋಯಿತು.

ಎಂದರೆ, ಆ ಹೆಂಗಸು ಸುಳ್ಳಿಲ್ಲದೆ, ಕದಿಯದೆ, ಮುಂಬಾಗಿಲಿನಿಂದಲೇ ಮೊಮ್ಮಗನನ್ನು ಕರೆದುಕೊಂಡು ಬರಬಹುದಾಗಿದ್ದ ದಾರಿಯನ್ನು ಮುಚ್ಚಿದವರಲ್ಲಿ ನಾನೂ ಒಬ್ಬಳು. ಹಾಗೆ ಮುಚ್ಚಿದ ಮೇಲೆ, ಹಿತ್ತಲ ಬಾಗಿಲಿನಿಂದ ಬರುವುದು ಅಪ್ರಾಮಾಣಿಕತೆ ಎಂದು ಅವರಿಗೇ ನೀತಿ ಹೇಳಿ ಕಳಿಸಿದೆ.

ನನ್ನ ಪರವಾಗಿ ವಾದಿಸಿಕೊಳ್ಳದೆ ಇಲ್ಲ. ಮೊದಲನೆಯದು, ತೆರಿಗೆ ಕಟ್ಟುವವರು ನಾವು ಎಂಬ ವಾದ. ಇದು ನಿಲ್ಲುವುದಿಲ್ಲ. 1994ರಲ್ಲಿ ಮಿಷಿಗನ್‌ನ ಮತದಾರರು ಪ್ರಪೋಸಲ್ ಎ ಎಂಬುದನ್ನು ಒಪ್ಪಿ, ಶಾಲೆಗಳ ದಿನನಿತ್ಯದ ಖರ್ಚಿನ ಬಹುಪಾಲನ್ನು ಊರಿನ ಆಸ್ತಿ ತೆರಿಗೆಯಿಂದ ತೆಗೆದು ರಾಜ್ಯಕ್ಕೆ ವರ್ಗಾಯಿಸಿದರು. ಅದಕ್ಕಾಗಿ ಮಾರಾಟ ತೆರಿಗೆ ನೂರಕ್ಕೆ ನಾಲ್ಕರಿಂದ ಆರಕ್ಕೇರಿತು. ಆ ಹೆಂಗಸು ಮೊಮ್ಮಗನಿಗೆ ಬೂಟು ಕೊಂಡಾಗಲೂ ನಮ್ಮ ಶಾಲೆಗೆ ಪಾಲು ಬರುತ್ತದೆ. ಕಟ್ಟಡ ಕಟ್ಟುವ, ರಿಪೇರಿ ಮಾಡುವ ಹಣ ಮಾತ್ರ ಇಂದಿಗೂ ಬಹುಮಟ್ಟಿಗೆ ಊರಿನವರ ಆಸ್ತಿಯ ಮೇಲೆಯೇ ನಿಂತಿದೆ. ಹಾಗಾಗಿ ಒಂದೂರಿನ ಶಾಲೆಯಲ್ಲಿ ಈಜುಕೊಳ, ಇನ್ನೊಂದೂರಿನ ಶಾಲೆಯಲ್ಲಿ ಸೋರುವ ಸೂರು.

ಎರಡನೆಯದು ಇನ್ನೂ ಬಲವಾದದ್ದು. ಮಗುವಿನ ಹಿಂದೆಯೇ ರಾಜ್ಯದ ಹಣವೂ ಹೋಗುತ್ತದೆ. ಚುರುಕಾದ ಮಕ್ಕಳನ್ನು, ಓಡಾಡಿ ಕೇಳಿ ಮಾಡುವ ಶಕ್ತಿಯಿರುವ ಪೋಷಕರನ್ನು ಉಪನಗರಗಳು ಒಬ್ಬೊಬ್ಬರನ್ನಾಗಿ ಸೆಳೆದುಕೊಂಡರೆ ಡೆಟ್ರಾಯಿಟ್‌ನ ಶಾಲೆಗಳು ಇನ್ನಷ್ಟು ಬಡವಾಗುತ್ತವೆ. ಒಬ್ಬನನ್ನು ಉಳಿಸಲು ಹೋಗಿ ಉಳಿದ ಮೂವತ್ತು ಜನರಿಗೆ ಕೆಡಕು ಮಾಡಿದಂತೆ. ಇದು ನಿಜ. ಆದರೆ ಇದು ನನಗೆ ಎಷ್ಟು ಅನುಕೂಲವಾದ ನಿಜ ನೋಡಿ. ಉಳಿದ ಆ ಮೂವತ್ತು ಮಕ್ಕಳ ಬಗ್ಗೆ ನಾನು ಯೋಚಿಸಿದ್ದು ನನ್ನ ಊರಿನ ಬಾಗಿಲು ಹಾಕುವ ಹೊತ್ತಿನಲ್ಲಿ ಮಾತ್ರ. ಏಳು ವರ್ಷಗಳಲ್ಲಿ ಬೇರಾವ ಸಂದರ್ಭದಲ್ಲೂ ಅವರು ನೆನಪಿಗೆ ಬಂದಿರಲಿಲ್ಲ.

ಮೂರನೆಯದು, ಮಗನ ವಾದ. ಅವನು ನನ್ನ ಮಗ. ಅವನ ಜೊತೆ ನಾನು ಸಮಾಜಸುಧಾರಣೆಯ ಪ್ರಯೋಗ ಮಾಡಲಾರೆ. ಇದರಲ್ಲಿ ನಾಚಿಕೆಪಡುವಂಥದೇನೂ ಇಲ್ಲವೆಂದೇ ಇಂದಿಗೂ ನನ್ನ ಅಭಿಪ್ರಾಯ. ಪ್ಲೇಟೋ ತನ್ನ ಆದರ್ಶ ರಾಜ್ಯದ ಕಾವಲುಗಾರರಿಗೆ ತಮ್ಮ ಮಕ್ಕಳು ಯಾರೆಂಬುದೇ ತಿಳಿಯಬಾರದೆಂದ. ಆ ರಾಜ್ಯದಲ್ಲಿ ಬದುಕಲು ಯಾವ ತಾಯಿಯೂ ಒಪ್ಪಲಾರಳು, ಒಪ್ಪುವವಳ ಕೈಯಲ್ಲಿ ಬೇರೆಯವರ ಮಕ್ಕಳನ್ನೂ ಕೊಡಲು ನನಗೆ ಧೈರ್ಯವಿಲ್ಲ. ನಮ್ಮ ಪಕ್ಕದ ಆನ್ ಆರ್ಬರ್‌ನಲ್ಲೇ ಒಂದು ದಶಕದ ಕಾಲ ಪಾಠ ಹೇಳಿದ ಜಾನ್ ಡ್ಯೂಯಿ ಬೇರೆ ದಾರಿ ಹಿಡಿದ. ತಾಯಿತಂದೆಗಳ ಆ ಪಕ್ಷಪಾತವನ್ನು ಕಿತ್ತುಹಾಕಬೇಡಿ, ಬುದ್ಧಿವಂತ ತಂದೆತಾಯಿ ತಮ್ಮ ಮಗುವಿಗೆ ಏನನ್ನು ಬಯಸುತ್ತಾರೋ ಅದನ್ನೇ ಸಮಾಜ ಎಲ್ಲ ಮಕ್ಕಳಿಗೆ ಬಯಸುವಂತಾಗಬೇಕು ಎಂಬ ಅರ್ಥದಲ್ಲಿ ಆತ 1899ರಲ್ಲೇ ಬರೆದ.

ಹಾಗಾದರೆ ಮನೆ ಕೊಂಡಾಗ ನಾನು ತಾಯಿ. ಮನವಿಗೆ ಸಹಿ ಹಾಕಿದಾಗ? ಅಲ್ಲಿ ಕೇಳುತ್ತಿದ್ದದ್ದು ನಿನ್ನ ಮಗನನ್ನು ಎಲ್ಲಿ ಓದಿಸುತ್ತೀಯ ಎಂದಲ್ಲ, ಊರಿನ ಶಾಲೆ ಯಾರದು ಎಂದು. ಆ ಪ್ರಶ್ನೆಗೆ ತಾಯಿಯಾಗಿ ಉತ್ತರ ಕೊಟ್ಟೆ. ನಮ್ಮ ಹಳ್ಳಿಯ ಪಂಚಾಯಿತಿ ಕಟ್ಟೆಯಲ್ಲಿ ಯಾರಾದರೂ ನೀರಿನ ಸರದಿ ಹಂಚುವಾಗ ತನ್ನ ಗದ್ದೆಯ ಕಡೆಯೇ ತೂಬು ತಿರುಗಿಸಿದರೆ, ‘ಅವನು ಒಳ್ಳೆಯ ಸಂಸಾರಸ್ಥ’ ಎಂದು ಯಾರೂ ಹೊಗಳುವುದಿಲ್ಲ. ಇಷ್ಟು ಸ್ಪಷ್ಟವಾಗಿ ಹೇಳಿಬಿಟ್ಟೆನಾದರೂ, ಇದು ಪೂರ್ತಿ ಉತ್ತರವಲ್ಲವೆಂಬುದೂ ಗೊತ್ತು. ತಾಕತ್ತಿರುವ ಪ್ರತಿಯೊಬ್ಬ ತಾಯಿಯೂ ಮೊದಲು ತನ್ನ ಮಗುವನ್ನು ಗೆರೆ ದಾಟಿಸಿ, ಆಮೇಲೆ ನಾಗರಿಕಳಾಗಿ ಒಳ್ಳೆಯ ಮಾತಾಡಿದರೆ, ಗೆರೆಯ ಆಚೆ ಗಲಾಟೆ ಮಾಡಿ ಕೇಳುವವರು ಯಾರು ಉಳಿದರು? ಬೆಂಗಳೂರಿನಲ್ಲಿ ಆದದ್ದೂ ಇದೇ. ಒಂದು ಕಾಲಕ್ಕೆ ತಹಸೀಲ್ದಾರರ ಮಗನೂ ಜವಾನನ ಮಗನೂ ಕೂರುತ್ತಿದ್ದ ಸರ್ಕಾರಿ ಶಾಲೆಯಿಂದ ತಹಸೀಲ್ದಾರರ ಮಗ ಎದ್ದುಹೋದ ದಿನವೇ ಆ ಶಾಲೆಯ ಹೆಂಚು ಸೋರಲು ಶುರುವಾಯಿತು. 1964ರಿಂದ 66ರವರೆಗೆ ಕೂತ ಕೊಠಾರಿ ಆಯೋಗ ಎಲ್ಲರಿಗೂ ಸಮಾನ ಶಾಲೆ ಬೇಕೆಂದು ಹೇಳಿತ್ತು. ನಾವೆಲ್ಲ ಆ ವರದಿಯನ್ನು ಗೌರವದಿಂದ ಸ್ಮರಿಸಿ, ಮಕ್ಕಳನ್ನು ಕಾನ್ವೆಂಟಿಗೆ ಕಳಿಸಿದೆವು.

ಕಾನೂನಿನ ದಾರಿಯಲ್ಲಿ ಏನಾಯಿತೆಂದೂ ಹೇಳಬೇಕು. 1973ರಲ್ಲೇ ಅಮೆರಿಕದ ಸುಪ್ರೀಂ ಕೋರ್ಟು, ಶಿಕ್ಷಣ ಸಂವಿಧಾನದ ಮೂಲಭೂತ ಹಕ್ಕಲ್ಲ ಎಂದಿತ್ತು. 2016ರಲ್ಲಿ ಡೆಟ್ರಾಯಿಟ್‌ನ ಕೆಲವು ವಿದ್ಯಾರ್ಥಿಗಳು ಇನ್ನೊಂದು ಪ್ರಶ್ನೆ ಹಿಡಿದು ಕೋರ್ಟಿಗೆ ಹೋದರು: ಶಿಕ್ಷಣ ಇರಲಿ, ಓದಲು ಬರೆಯಲು ಕಲಿಯುವ ಹಕ್ಕಾದರೂ ನಮಗಿದೆಯೇ? 2018ರಲ್ಲಿ ಕೆಳಗಿನ ಕೋರ್ಟು ಇಲ್ಲ ಎಂದಿತು. 2020ರ ಏಪ್ರಿಲ್‌ನಲ್ಲಿ, ಎಲ್ಲರೂ ಕೊರೊನಾಕ್ಕೆ ಹೆದರಿ ಮನೆಯೊಳಗೆ ಕೂತಿದ್ದಾಗ, ಮೇಲ್ಮನವಿ ಕೋರ್ಟಿನ ಮೂವರು ನ್ಯಾಯಾಧೀಶರಲ್ಲಿ ಇಬ್ಬರು ಇದೆ ಎಂದರು. ಮುಂದಿನ ತಿಂಗಳು ಗವರ್ನರ್ ರಾಜಿ ಮಾಡಿಕೊಂಡರು. ಅದಾದ ಕೆಲವೇ ದಿನಗಳಲ್ಲಿ ಪೂರ್ಣ ಪೀಠ ಆ ತೀರ್ಪನ್ನೇ ತೆಗೆದುಹಾಕಿತು. ರಾಜಿಯಲ್ಲಿ ಹೇಳಿದ ಸುಮಾರು 9.4 ಕೋಟಿ ಡಾಲರಿಗೆ ಶಾಸನಸಭೆಯ ಒಪ್ಪಿಗೆ ಸಿಕ್ಕಿದ್ದು 2023ರಲ್ಲಿ. ನಮ್ಮ ದೇಶ ಈ ವಿಷಯದಲ್ಲಿ ಕಾಗದದ ಮೇಲೆ ಬಹಳ ಮುಂದಿದೆ. 1992ರಲ್ಲಿ ಕರ್ನಾಟಕದ ಕ್ಯಾಪಿಟೇಶನ್ ಶುಲ್ಕದ ಮೊಕದ್ದಮೆಯಲ್ಲೇ ನಮ್ಮ ಸುಪ್ರೀಂ ಕೋರ್ಟು ಶಿಕ್ಷಣವನ್ನು ಹಕ್ಕೆಂದಿತು. 2002ರಲ್ಲಿ ಸಂವಿಧಾನಕ್ಕೇ ಅದು ಸೇರಿತು. 2010ರ ಏಪ್ರಿಲ್ 1ರಿಂದ ಕಾಯಿದೆ ಜಾರಿಯಾಗಿ, ಖಾಸಗಿ ಶಾಲೆಗಳೂ ನೂರಕ್ಕೆ 25 ಸೀಟು ಬಡಮಕ್ಕಳಿಗೆ ಕೊಡಬೇಕಾಯಿತು. 2019ರಿಂದ ಕರ್ನಾಟಕದಲ್ಲಿ, ಹತ್ತಿರದಲ್ಲಿ ಸರ್ಕಾರಿ ಶಾಲೆಯಿದ್ದರೆ ಆ ಸೀಟು ಸಿಗದು ಎಂಬ ನಿಯಮ ಬಂತು. ಅಲ್ಲಿಯೂ ಕೊನೆಗೆ ವಿಳಾಸವೇ.

ಆ ಹೆಂಗಸನ್ನು ಮತ್ತೆ ಕಂಡದ್ದು ಕಳೆದ ವರ್ಷ, ಒಂದು ಅಂಗಡಿಯ ಬಿಲ್ಲಿನ ಸಾಲಿನಲ್ಲಿ. ನಿವೃತ್ತರಾಗಿದ್ದಾರೆ, ಮೊಣಕಾಲು ನೋವು. ಮೊಮ್ಮಗನನ್ನು ಕೇಳಿದೆ. ನಾನು ಸಹಿ ಹಾಕಲು ಒಪ್ಪದ ಆ ಬೇಸಿಗೆಯಲ್ಲಿ ಅವನನ್ನು ಬೇರೊಂದು ಉಪನಗರದಲ್ಲಿದ್ದ ತಮ್ಮ ತಂಗಿಯ ಮನೆಗೆ ಕಳಿಸಿದರಂತೆ. ನಿಜವಾಗಿಯೂ ಅಲ್ಲೇ ಇರಲು. ಭಾನುವಾರ ಸಂಜೆ ಬಿಟ್ಟು ಬರುವುದು, ಶುಕ್ರವಾರ ಸಂಜೆ ಕರೆತರುವುದು, ಒಂಬತ್ತು ವರ್ಷ. ಅಲ್ಲಿ ಅವನು ಮಲಗುತ್ತಿದ್ದದ್ದು ಹಾಲಿನ ಸೋಫಾದ ಮೇಲೆ. ಈಗ ಎಲೆಕ್ಟ್ರಿಷಿಯನ್ ಕೆಲಸಕ್ಕೆ ಅಪ್ರೆಂಟಿಸ್ ಆಗಿದ್ದಾನೆ. "ಮೊದಲ ವರ್ಷ ದಿನಾ ರಾತ್ರಿ ಫೋನ್ ಮಾಡಿ ಅಳ್ತಿದ್ದ" ಎಂದರು. ನಾನು ಮೈಸೂರಿನ ಮೆಟ್ಟಿಲ ಕೆಳಗಿನ ಚಾಪೆಯ ವಿಷಯ ಹೇಳಿದೆ. ಅಷ್ಟು ವರ್ಷ ಜೊತೆಗೆ ಕೆಲಸ ಮಾಡಿದರೂ ಅದನ್ನು ಹೇಳಿರಲೇ ಇಲ್ಲ. ಅವರು ಗಾಡಿಯಿಂದ ಹಾಲಿನ ಕ್ಯಾನು ತೆಗೆದು ಬೆಲ್ಟಿನ ಮೇಲಿಡುತ್ತಾ, "ನಿನ್ನ ಅತ್ತೆ ಏನಾದರೂ ಕಾಗದಕ್ಕೆ ಸಹಿ ಹಾಕಬೇಕಾಗಿತ್ತಾ?" ಎಂದು ಕೇಳಿದರು. ಹಾಕಿದ್ದರು ಎಂದೆ. ಅವರು ತಲೆಯಾಡಿಸಿದರು. ಆಮೇಲೆ ಮಿಷಿಗನ್‌ನ ಚಳಿಯ ಬಗ್ಗೆ ಮಾತಾಡಿದೆವು.

ಆ ದಿನ ನಾನು ಅಫಿಡವಿಟ್‌ಗೆ ಸಹಿ ಹಾಕಬೇಕಿತ್ತೇ ಎಂದು ಕೇಳಿದರೆ ಇವತ್ತಿಗೂ ನನ್ನಲ್ಲಿ ಉತ್ತರವಿಲ್ಲ. ಸುಳ್ಳು ಪ್ರಮಾಣ ಸುಳ್ಳು ಪ್ರಮಾಣವೇ. ಆದರೆ ಹಾಕಬಾರದಿದ್ದ ಸಹಿ ಯಾವುದೆಂದು ಗೊತ್ತು. ನಮ್ಮ ಊರಿನಲ್ಲಿ ಹುಟ್ಟುವ ಮಕ್ಕಳೇ ಕಡಿಮೆಯಾಗಿ ತರಗತಿಗಳು ಖಾಲಿ ಬೀಳುತ್ತಿರುವುದರಿಂದ, ಹೊರಗಿನವರಿಗೆ ಸೀಟು ತೆರೆಯುವ ಪ್ರಸ್ತಾಪ ಈಗ ಮತ್ತೆ ಬಂದಿದೆ. ಈ ಸಲವೂ ನಮ್ಮವರ ವಾಟ್ಸ್ಯಾಪ್ ಗುಂಪಿನಲ್ಲಿ ಒಂದು ಮನವಿ ಓಡಾಡುತ್ತಿದೆ. ಮಗ ಕಾಲೇಜು ಮುಗಿಸುವ ಹಂತಕ್ಕೆ ಬಂದಿದ್ದಾನೆ, ಈಗ ಒಳ್ಳೆಯವಳಾಗಲು ನನಗೇನೂ ಖರ್ಚಿಲ್ಲ ಎಂಬುದೂ ನೆನಪಿದೆ. ಸಭೆ ಮುಂದಿನ ಮಂಗಳವಾರ. ಒಬ್ಬೊಬ್ಬರಿಗೆ ಮೂರು ನಿಮಿಷ ಮಾತಾಡಲು ಕೊಡುತ್ತಾರೆ. ಬರೆದಿಟ್ಟುಕೊಂಡು ಅಡುಗೆಮನೆಯಲ್ಲಿ ಎರಡು ಸಲ ಓದಿ ನೋಡಿದೆ. ನಾಲ್ಕೂವರೆ ನಿಮಿಷವಾಗುತ್ತಿದೆ. ಇ.ಸಿ. ಎಂದರೇನೆಂದು ಅವರಿಗೆ ವಿವರಿಸುವುದಕ್ಕೇ ಒಂದು ನಿಮಿಷ ಹೋಗುತ್ತದೆ, ಅದನ್ನು ಕತ್ತರಿಸಬೇಕೇನೋ.